ಪುಟ ೧೯೩ರಿಂದ ೨೦೮ರವರೆಗೆ

ಪೀಣ್ಯ ಎರಡನೇ ಹಂತ, ಬೆಂಗಳೂರು
೧೨–೬–೧೯೮೦

ಶ್ರೀಮತಿ ವತ್ಸಲಾ ರಾಮಪ್ರಸಾದ ಅವರಿಗೆ, ನಮಸ್ಕಾರ.

೧೯೭೧ರಲ್ಲಿ ನೀವು ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದ್ದೀರಿ. ಆ ವರ್ಷ ನಿಮ್ಮ ‘ಐರಾವತಿಯ ಆಚೆ ದಡ’ ಅಚ್ಚಾಯಿತು. ಅದರ ನಾಯಕ ನಮ್ಮ ಪೀಣ್ಯದ ಸಿಪಾಯಿ ಚಿಕ್ಕಬೈರ. ಅವನನ್ನು ಬರ್ಮಾದ ಕಾಡಿನಿಂದ ಹೊರಿಸಿ ತಂದು, ಆಸ್ಪತ್ರೆಯಲ್ಲಿ ಮಲಗಿಸಿ, ಅವನ ನೆನಪು ಕಿತ್ತುಕೊಂಡು, ೨೦೮ನೇ ಪುಟದಲ್ಲಿ ರೈಲು ಹತ್ತಿಸಿ ಕೈತೊಳೆದುಕೊಂಡಿರಿ. ಅಲ್ಲಿಂದ ಮುಂದಿನ ನೂರು ಪುಟಗಳಲ್ಲಿ ಅವನ ಸುದ್ದಿಯೇ ಇಲ್ಲ. ಕ್ಯಾಪ್ಟನ್ ಮತ್ತು ನರ್ಸಿನ ಪ್ರೇಮ ಇದೆ, ಅವರ ಅಗಲಿಕೆ ಇದೆ, ಶಿಲಾಂಗಿನ ಮಂಜು ಇದೆ. ಚಿಕ್ಕಬೈರ ಎಲ್ಲಿ ಇಳಿದ?

ನಾನು ೧೯೪೮ರಿಂದ ಕನ್ನಡದ ಚಾರಿತ್ರಿಕ ಕಾದಂಬರಿಗಳನ್ನು ಬಿಡದೆ ಓದುತ್ತಾ ಬಂದವನು. ಕೋಟೆ ಬಿದ್ದಾಗ ಅತ್ತಿದ್ದೇನೆ. ಆದರೆ ನಲವತ್ತು ದಾಟಿದ ಮೇಲೆ ಒಂದು ಅನುಮಾನ ಹತ್ತಿತು. ಇಂಥ ಪುಸ್ತಕಗಳಲ್ಲಿ ರಾಜನ ಸಾವಿಗೆ ಒಂದು ಅಧ್ಯಾಯ, ರಾಣಿಯ ವಿರಹಕ್ಕೆ ಎರಡು. ಸಾಮಾನ್ಯ ಸೈನಿಕರು ಮಾತ್ರ ಯಾವಾಗಲೂ ಸಾವಿರ ಸಾವಿರವಾಗಿ ಒಂದೇ ಸಾಲಿನಲ್ಲಿ ಸಾಯುತ್ತಾರೆ. ನಿಮ್ಮ ಪುಸ್ತಕ ಹಾಗಲ್ಲ ಎಂದು ಮೊದಲ ನೂರ ತೊಂಬತ್ತು ಪುಟಗಳಲ್ಲಿ ಸಂತೋಷಪಟ್ಟಿದ್ದೆ. ತಪ್ಪು ಕಂಡರೆ ಸುಮ್ಮನಿರುವ ಸ್ವಭಾವ ನನ್ನದಲ್ಲ. ೧೯೬೩ರಲ್ಲಿ ಒಬ್ಬ ದೊಡ್ಡ ಕಾದಂಬರಿಕಾರರು ವಿಜಯನಗರದ ಔತಣದಲ್ಲಿ ಆಗಿನ್ನೂ ಈ ದೇಶಕ್ಕೇ ಬಾರದ ಆಲೂಗಡ್ಡೆಯ ಪಲ್ಯ ಬಡಿಸಿದ್ದರು. ಅವರಿಗೂ ಕಾಗದ ಬರೆದಿದ್ದೆ. ಉತ್ತರ ಬರಲಿಲ್ಲ. ಎರಡನೇ ಮುದ್ರಣದಲ್ಲಿ ಪಲ್ಯ ಬದನೆಕಾಯಿಯದಾಯಿತು.

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ನಾನು ಇಲ್ಲಿಯ ಒಂದು ಯಂತ್ರದ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು, ಕನ್ನಡ ಸಂಘದ ಪುಸ್ತಕಗಳೂ ನನ್ನ ಸುಪರ್ದಿಯಲ್ಲಿವೆ. ಮಧ್ಯಾಹ್ನ ಊಟ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನಲ್ಲಿ ಹದಿನೈದು ನಿಮಿಷ ಗಟ್ಟಿಯಾಗಿ ಓದುತ್ತೇನೆ. ಮೂವತ್ತು ನಲವತ್ತು ಜನ ಸೇರುತ್ತಾರೆ. ಸೈರನ್ ಆದಲ್ಲಿಗೆ ಓದು ನಿಲ್ಲುತ್ತದೆ, ಅದು ವಾಕ್ಯದ ನಡುವೆ ಆದರೂ ಸರಿ. ಕೇಳುವವರಲ್ಲಿ ರಾಮಕ್ಕ ಎಂಬಾಕೆ ಇದ್ದಾರೆ, ಕ್ಯಾಂಟೀನಿನಲ್ಲಿ ಹಿಟ್ಟು ರುಬ್ಬುವ ಕೆಲಸ, ವಯಸ್ಸು ಐವತ್ತೇಳು. ನಮ್ಮ ಶೆಡ್ಡು ನಿಂತಿರುವುದು ಹಿಂದೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ. ಅವರ ಗಂಡನ ಹೆಸರು ಚಿಕ್ಕಬೈರಪ್ಪ. ೧೯೪೧ರಲ್ಲಿ ಪೀಣ್ಯದಿಂದ ದಂಡಿಗೆ ಹೋದವನು. ೪೪ರಲ್ಲಿ ‘ಪತ್ತೆಯಿಲ್ಲ’ ಎಂದು ಒಂದು ಸರ್ಕಾರಿ ಕಾಗದ ಬಂತು, ಅಷ್ಟೆ.

ಮೊದಲ ದಿನ ಹೆಸರು ಕೇಳಿದಾಗಲೇ ಆಕೆ ಬಕೆಟ್ ಕೆಳಗಿಟ್ಟು ನಿಂತರು. ಐದು ತಿಂಗಳು ದಿನವೂ ನಿಂತು ಕೇಳಿದರು. ಪುಸ್ತಕ ಮುಗಿದ ದಿನ ನನ್ನನ್ನು ಕೇಳಿದ್ದು ಒಂದೇ ಮಾತು: “ರೈಲು ಅತ್ತುದ್ನಲ್ಲ ಸಾಮಿ, ಎಲ್ಲಿ ಇಳ್ದ?”

ದಯವಿಟ್ಟು ಉತ್ತರ ಕೊಡಿ. ಇನ್ನೊಂದು ವಿಷಯ. ೨೦೮ರ ಕೊನೆಯಲ್ಲಿ “ರೈಲು ಹೊರಟಾಗ ಅವನು ಕಿಟಕಿಯ ಪಕ್ಕ” ಎಂದು ವಾಕ್ಯ ಅರ್ಧಕ್ಕೆ ನಿಂತಿದೆ. ೨೦೯ “ಮಣ್ಣು ಮುಚ್ಚಿ ಮೂರು ದಿನವಾಗಿತ್ತು” ಎಂದು ಶುರುವಾಗುತ್ತದೆ. ಯಾವ ಮಣ್ಣು? ಯಾರ ಮೇಲೆ? ಇದು ನವ್ಯದವರ ತಂತ್ರವಿರಬಹುದೆಂದು ಕೇಳುಗರಿಗೆ ಹೇಳಿ ಪಾರಾದೆ. ನನಗೇ ಸಮಾಧಾನವಾಗಿಲ್ಲ.

ಇಂತಿ,
ಪಟ್ಟಾಭಿರಾಮ


ಧಾರವಾಡ
೩೦–೬–೧೯೮೦

ಮಾನ್ಯ ಪಟ್ಟಾಭಿರಾಮ ಅವರಿಗೆ,

ನಿಮ್ಮ ಪತ್ರ ತಲುಪಿತು. ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನ ಪುಸ್ತಕ ಓದುತ್ತೀರೆಂಬುದು ಸಂತೋಷದ ಸಂಗತಿ.

ನಾಯಕ ಬದುಕಬೇಕಿತ್ತು ಎಂದು ಬರೆಯುವ ಓದುಗರು ನನಗೆ ಹೊಸಬರಲ್ಲ. ಅವರ ಪ್ರೀತಿಗೆ ಋಣಿ. ಆದರೆ ಯುದ್ಧದ ಕಥೆ ಬರೆಯುವವಳು ಎಲ್ಲರನ್ನೂ ಮನೆಗೆ ಕರೆತರಲಾರಳು. ಚಿಕ್ಕಬೈರ ೨೦೧ನೇ ಪುಟದಲ್ಲಿ ಸಾಯುತ್ತಾನೆ. ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ೨೦೯ರ ಮಣ್ಣು ಅವನ ಮೇಲಿನದೇ. ನೀವು ಪ್ರೀತಿಯ ಭರದಲ್ಲಿ ಆ ಪುಟವನ್ನು ಮನಸ್ಸಿಗೆ ತಂದುಕೊಂಡಿಲ್ಲವೆಂದು ಕಾಣುತ್ತದೆ. ಇನ್ನೊಮ್ಮೆ ಓದಿರಿ.

ಹೆಸರು, ಊರು ಕೂಡಿಬಂದದ್ದು ಆಕಸ್ಮಿಕ. ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿರಿ.

ವತ್ಸಲಾ ರಾಮಪ್ರಸಾದ


ಪೀಣ್ಯ
೫–೭–೧೯೮೦

ಮಾನ್ಯರೆ,

ತಮ್ಮ ಪುಸ್ತಕವನ್ನು ತಾವೇ ಓದಿಲ್ಲದ ಲೇಖಕರಿದ್ದಾರೆಂದು ಕೇಳಿದ್ದೆ, ಕಂಡದ್ದು ಇದೇ ಮೊದಲು. ೨೦೧ನೇ ಪುಟ ನನ್ನ ಮುಂದೆ ತೆರೆದಿದೆ. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ:

“‘ನಿನ್ನ ಹೆಸರೇನು?’ ಎಂದು ನರ್ಸು ಮತ್ತೆ ಕೇಳಿದಳು. ಅವನು ತಗಡಿನ ಲೋಟದೊಳಗೆ ನೋಡಿದ, ಹೆಸರು ಅದರ ತಳದಲ್ಲಿ ಬಿದ್ದಿರಬಹುದೆಂಬಂತೆ. ಆಮೇಲೆ ಲೋಟ ಎತ್ತಿ ಚಹಾ ಕುಡಿದುಬಿಟ್ಟ.”

ಇದು ಸಾವೆ? ಸತ್ತವನು ಚಹಾ ಕುಡಿಯುತ್ತಾನೆಯೆ? ಮೂವತ್ತೆಂಟು ಜನರ ಎದುರು ಓದಿದ ಪುಟ ಇದು. ಬೇಕಾದರೆ ಅವರೆಲ್ಲರ ಸಹಿ ಹಾಕಿಸಿ ಕಳಿಸುತ್ತೇನೆ.

ತಮಗೆ ಇದು ಯಾರೋ ಓದುಗನ ತಕರಾರು. ಇಲ್ಲಿ ಆಗುತ್ತಿರುವುದು ಬೇರೆ. ಕಳೆದ ತಿಂಗಳು ರಾಮಕ್ಕ ಹಸಿರು ಬಳೆ ತೊಟ್ಟರು. ಮೂವತ್ತಾರು ವರ್ಷ ಬರಿಗೈಯಲ್ಲಿದ್ದವರು. ಹಣೆಗೆ ಕುಂಕುಮವನ್ನೂ ಇಟ್ಟುಕೊಂಡು ರುಬ್ಬಲು ಬಂದರು. ಕ್ಯಾಂಟೀನಿನ ಅನುಸೂಯಮ್ಮ ಎಲ್ಲರೆದುರು, “ಏನ್ ರಾಮಕ್ಕ, ಮದ್ವೆ ಎಣ್ಣಾಗ್ಬುಟ್ಟೆ, ನಮಗೂಟ ಯಾವಾಗ?” ಎಂದು ನಕ್ಕಳು. ರಾಮಕ್ಕ ಸಿಟ್ಟಾಗಲಿಲ್ಲ. “ಅವ್ನು ಬಂದ್ಮ್ಯಾಕೆ ಕಣೆ, ನಿಂಗೇ ಮೊದ್ಲು ಬಡ್ಸದು” ಎಂದರು.

ಮನೆಯಲ್ಲಿ ಅದು ನಗೆಯ ವಿಷಯವಲ್ಲ. ಅವರ ಮೈದುನ ಚಿಕ್ಕಮುನಿಯಪ್ಪ ಕಾರ್ಖಾನೆಯ ಗೇಟಿಗೆ ಬಂದು ನನ್ನನ್ನು ಹೊರಗೆ ಕರೆಸಿದ. “ನಲವತ್ನಾಕರಾಗೆ ಪಿಂಡ ಇಟ್ಟೋನು ನಾನು ಕಣ್ರೀ. ಸತ್ತೋನ್ನ ಪುಸ್ತಕ್ದಾಗೆ ಎಬ್ಬಿಸ್ತೀರಾ? ನಾಳೆ ಊರೋರು, ಬದುಕಿರೋ ಅಣ್ಣಂಗೆ ಪಿಂಡ ಇಟ್ಟೋನು ಅಂತ ನನ್ನ ಬಾಯಿಗೆ ಬಂದಂಗೆ ಬೈತಾರೆ. ಅವ್ಳು ಬಳೆ ಬಿಚ್ಚಬೇಕು, ಇಲ್ಲ ಮನೆ ಬಿಡಬೇಕು” ಎಂದ.

ನನ್ನ ಹೆಂಡತಿ ಭಾನುಮತಿ, “ಪುಸ್ತಕದೋರ ಜೊತೆ ಜಗಳ ಆಡೋಕೆ ನಿಮ್ಗೆ ಪುರುಸೊತ್ತಿದೆ, ನಮ್ಮಪ್ಪಂಗೆ ಎರಡು ಸಾಲು ಬರೆಯೋಕಿಲ್ಲ” ಅಂತಾಳೆ. ಅವಳ ಮಾತೂ ನಿಜ. ಆದರೆ ಬದುಕಿದವನನ್ನು ಸತ್ತನೆಂದು ಲೇಖಕಿಯೇ ಸಾಧಿಸಿದರೆ ನಾನು ರಾಮಕ್ಕನಿಗೆ ಏನು ಹೇಳಲಿ? ಸ್ಪಷ್ಟ ಉತ್ತರ ಬೇಕು.

ಪಟ್ಟಾಭಿರಾಮ


ಧಾರವಾಡ
೧೪–೭–೧೯೮೦

ಪಟ್ಟಾಭಿರಾಮ ಅವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನ ತಲೆ ಕೆಟ್ಟಿದೆಯೋ ನಿಮ್ಮದೋ ತಿಳಿಯದೆ ಕಪಾಟಿನಿಂದ ಪುಸ್ತಕ ತೆಗೆದು ನೋಡಿದೆ. ನನ್ನ ಪ್ರತಿಯ ೨೦೧ರಲ್ಲಿ ಚಿಕ್ಕಬೈರ ಸಾಯುತ್ತಾನೆ. ಲೋಟವಿಲ್ಲ, ಚಹಾ ಇಲ್ಲ.

ಆದರೆ ಆ ವಾಕ್ಯಗಳು ನನ್ನವೇ. ಅವು ಇರುವುದು ನನ್ನ ಇನ್ನೊಂದು ಕಾದಂಬರಿಯಲ್ಲಿ, ೧೯೭೪ರ ‘ಹೆಸರು ಮರೆತ ಸಿಪಾಯಿ’ಯಲ್ಲಿ. ಅದೂ ೨೦೧ನೇ ಪುಟವೇ. ಅಲ್ಲಿಯ ಸಿಪಾಯಿಗೆ ಪುಸ್ತಕದ ಕೊನೆಯವರೆಗೂ ಹೆಸರಿಲ್ಲ. ಅವನಿಗೂ ನಿಮ್ಮ ಚಿಕ್ಕಬೈರನಿಗೂ ಸಂಬಂಧವಿಲ್ಲ. ಇದು ಹೇಗಾಯಿತೋ ನನಗೆ ಹೊಳೆಯುತ್ತಿಲ್ಲ. ಕಳ್ಳ ಮುದ್ರಣವೆ? ನಿಮ್ಮ ಪ್ರತಿಯನ್ನು ದಯವಿಟ್ಟು ಪರೀಕ್ಷಿಸಿರಿ, ನಿಮ್ಮ ಉದ್ಯೋಗವೂ ಅದೇ ಅಲ್ಲವೆ.

ಎರಡು ಮಾತು. ೧೯೩ರಿಂದ ಮುಂದಿನ ಸರಿಯಾದ ಪುಟಗಳು ನಿಮಗೆ ಸಿಕ್ಕರೆ, ಅವನ್ನು ಆ ಹೆಂಗಸಿಗೆ ಓದಿ ಹೇಳುವ ಮೊದಲು ನನಗೊಂದು ಕಾರ್ಡು ಬರೆಯಿರಿ. ಮತ್ತೆ, ಆಕೆಯ ಮನೆಯಲ್ಲಿ ಹಿಂದೆ ಮೇಕೆಗಳಿದ್ದವೆ?

ವತ್ಸಲಾ


ಪೀಣ್ಯ
೨೭–೭–೧೯೮೦

ಶ್ರೀಮತಿ ವತ್ಸಲಾ ಅವರಿಗೆ,

ಮೊದಲು ನನ್ನ ತಪ್ಪು. ಅದನ್ನು ಬರೆಯದೆ ನಿಮ್ಮದರ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ.

ಕಳೆದ ವರ್ಷ ನಮ್ಮ ಸಂಘದ ಇಪ್ಪತ್ತು ಪುಸ್ತಕಗಳು ಬಿಚ್ಚಿಹೋಗಿದ್ದವು. ಅವನ್ನು ಹೊಲಿದುಕೊಟ್ಟವರು ಪ್ಯಾಕಿಂಗ್ ವಿಭಾಗದ ಮರಿಯಮ್ಮ. ಯಂತ್ರದ ಭಾಗಗಳಿಗೆ ಗೋಣಿ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅದೇ ದಬ್ಬಳ, ಅದೇ ಹುರಿಯಲ್ಲಿ ನಮ್ಮ ಪುಸ್ತಕಗಳಿಗೂ ಜೀವ ಕೊಡುತ್ತಾರೆ. ಅವರ ಮನೆಮಾತು ತಮಿಳು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ನಮ್ಮ ಅಂಕಿಗಳನ್ನು ಮಾತ್ರ ಕಲಿತಿದ್ದಾರೆ. ನಿಮಗೆ ಗೊತ್ತಿರುವಂತೆ ಪುಸ್ತಕ ಹದಿನಾರು ಪುಟಗಳ ಕಂತೆ ಕಂತೆಯಾಗಿ ಅಚ್ಚಾಗುತ್ತದೆ, ಪ್ರತಿ ಕಂತೆಯ ಮೊದಲ ಪುಟದ ಅಡಿಯಲ್ಲಿ ಅದರ ಸಂಖ್ಯೆ ಇರುತ್ತದೆ. ನಿಮ್ಮ ಎರಡೂ ಪುಸ್ತಕಗಳು ಒಂದೇ ಚೀಲದಲ್ಲಿದ್ದವು. ಒಂದರ ಹದಿಮೂರನೇ ಕಂತೆ, ಅಂದರೆ ೧೯೩ರಿಂದ ೨೦೮ರವರೆಗಿನ ಪುಟಗಳು, ಇನ್ನೊಂದಕ್ಕೆ ಸೇರಿವೆ, ಅದರದು ಇದಕ್ಕೆ.

ಎರಡೂ ಪುಸ್ತಕ ಹಿಡಿದು ಅವರ ಬಳಿ ಹೋದೆ. ಗಟ್ಟಿಯಾಗಿಯೇ ಕೇಳಿದೆ.

“ನಾನೇನ್ ತಪ್ಪು ಮಾಡ್ದೆ ಸಾರ್? ಒಂದೇ ಸೈಜು, ಒಂದೇ ಪೇಪರು, ಒಂದೇ ಅಚ್ಚು. ನಂಬರ್ ನೋಡಿ ಜೋಡಿಸ್ದೆ. ಹನ್ನೆರಡಾದ್ಮೇಲೆ ಹದಿಮೂರು ಇದ್ಯಾ ಇಲ್ವಾ, ನೀವೇ ಹೇಳಿ.”

“ಇದೆ.”

“ಮತ್ತೆ? ಕಥೆ ಸರಿ ಇದ್ಯಾಂತ ನೋಡೋದು ನನ್ ಕೆಲ್ಸಾನಾ? ಇನ್‌ಸ್ಪೆಕ್ಷನ್‌ನೋರು ನೀವಿದ್ದೀರಲ್ಲ!”

ಪಕ್ಕದ ಬೆಂಚಿನವರು ನಕ್ಕರು. ನಾನು ಪುಸ್ತಕಗಳನ್ನು ಎತ್ತಿಕೊಂಡು ಬಂದೆ. ಕೂದಲೆಳೆಯ ಹತ್ತರಲ್ಲೊಂದು ಭಾಗ ಹೆಚ್ಚಾದರೂ ಮಾಲು ತಿರಸ್ಕರಿಸುವ ನಾನು ಹದಿನಾರು ಪುಟ ತಪ್ಪಾದದ್ದನ್ನು ಹಿಡಿಯಲಿಲ್ಲ. ಏಕೆಂದು ಲೆಕ್ಕ ಹಾಕಿ ನೋಡಿದೆ. ೧೯೨ನೇ ಪುಟದ ಕೊನೆ: “ಅವನನ್ನು ಹೊತ್ತು ತಂದ ಇಬ್ಬರಲ್ಲಿ”. ಅಲ್ಲಿಗೆ ಸೈರನ್ ಆಯಿತು. ಮರುದಿನದಿಂದ ಆರು ದಿನ ಕರೆಂಟಿಲ್ಲದೆ ಕಾರ್ಖಾನೆ ಮುಚ್ಚಿತ್ತು. ಏಳನೆಯ ದಿನ ೧೯೩ ತೆರೆದೆ: “ಯಾರಿಗೂ ಅವನ ಹೆಸರು ತಿಳಿದಿರಲಿಲ್ಲ.” ಬೆಸುಗೆಯ ಗುರುತೇ ಇಲ್ಲ. ಅಷ್ಟೇ ಅಲ್ಲ, ನನಗೆ ಹಾಗೆಯೇ ಓದಬೇಕೆನ್ನಿಸಿತ್ತು. ಮೂವತ್ತೆರಡು ವರ್ಷ ಚಾರಿತ್ರಿಕ ಕಾದಂಬರಿ ಓದಿದವನಿಗೆ ಒಬ್ಬ ಸಿಪಾಯಿಯಾದರೂ ಬದುಕಿ ರೈಲು ಹತ್ತಲಿ ಎನ್ನಿಸಿತ್ತು. ಹಿಂದಿನ ಕಾಗದದಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ. ರಾಮಕ್ಕ “ಅಂಗಾರೆ ಅವ್ನು ಇದ್ದಾನಾ?” ಎಂದು ಕೇಳಿದಾಗ, “ಪುಸ್ತಕದಲ್ಲಿ ಇದೆಯಲ್ಲ ರಾಮಕ್ಕ, ಬರೆದೋರು ಸುಮ್ಸುಮ್ನೆ ಬರೀತಾರಾ?” ಎಂದವನು ನಾನು. ಆಕೆ ಬಳೆ ತೊಟ್ಟದ್ದು ನಿಮ್ಮ ಮಾತಿನಿಂದಲ್ಲ, ನನ್ನ ಮಾತಿನಿಂದ.

ಇನ್ನು ಸರಿಯಾದ ಹದಿನಾರು ಪುಟಗಳು. ನಿಮಗೆ ಕಾರ್ಡು ಬರೆಯದೆ ಆಕೆಗೆ ಓದಿ ಹೇಳಬೇಡಿ ಎಂದಿದ್ದಿರಿ. ಮೊದಲು ನಾನೊಬ್ಬನೇ ಓದಿದೆ. ೧೯೭ರಲ್ಲಿ ಚಿಕ್ಕಬೈರ ಹಾಸಿಗೆಯ ಮೇಲಿಂದ ಒಬ್ಬ ಗುಮಾಸ್ತನ ಕೈಯಲ್ಲಿ ಹೆಂಡತಿಗೆ ಕಾಗದ ಬರೆಸುತ್ತಾನೆ. ಇಡೀ ಪುಸ್ತಕದಲ್ಲಿ ಅವಳ ಹೆಸರು ಬರುವುದು ಅಲ್ಲಿ ಮಾತ್ರ. ‘ರಾಮಿ’ ಎಂದು. ಅದನ್ನು ಕಂಡ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಆಕೆಯ ಕಾಗದವೋ ಅಲ್ಲವೋ ಆಕೆಯೇ ಹೇಳಲಿ ಎಂದು ಮರುದಿನ ಕ್ಯಾಂಟೀನಿನ ಹಿಂದೆ ಕಲ್ಲಿನ ಮೇಲೆ ಕೂರಿಸಿ, ಪುಟಗಳು ಅದಲುಬದಲಾದದ್ದನ್ನು ಹೇಳಿ, ಓದಿದೆ. ನೀವು ಬರೆದದ್ದನ್ನು ನಿಮಗೇ ನೆನಪಿಸುತ್ತಿದ್ದೇನೆ:

“ರಾಮೀ, ಕರೀ ಮೇಕೇನ ದಫೇದಾರ್‌ಗೆ ಕೊಟ್ಟಿದ್ದು ತಪ್ಪು. ಅದು ನಿಂದು, ನಿನ್ನ ತವರಿಂದ ಬಂದದ್ದು. ನಿನ್ನ ಕೇಳ್ದೆ ಕೊಟ್ಟೆ. ನಾ ಒಂಟಾಗ ನೀ ಒಳಗಿಂದ ಬರ್ಲಿಲ್ಲ. ಬರ್ದೇ ಇದ್ದಿದ್ದೇ ಸರಿ. ಬೇಲಿ ತಾವ ಒಂದು ಗಳಿಗೆ ನಿಂತಿದ್ದೆ. ನೀ ನೋಡ್ತಿದ್ದೆ ಅಂತ ಗೊತ್ತು, ಬಾಗ್ಲು ಸಂದಿಯಾಗೆ ಸೀರೆ ಕಾಣ್ತಿತ್ತು…”

ಅಲ್ಲಿಗೆ ರಾಮಕ್ಕ ಕೈ ಎತ್ತಿ ನಿಲ್ಲಿಸಿದರು. ಆಮೇಲೆ, “ಇದ ನಾನು ಯಾರ್‌ಗೂ ಏಳಿಲ್ಲ ಸಾಮಿ. ನಮ್ಮವ್ವಂಗೂ ಏಳಿಲ್ಲ” ಎಂದರು.

ನಡೆದದ್ದು ಇದು. ದಂಡಿಗೆ ಸೇರಿಸುವ ದಫೇದಾರನ ಊಟಕ್ಕೆ ಚಿಕ್ಕಬೈರಪ್ಪ ಹೆಂಡತಿಯ ಮೇಕೆಯನ್ನು ಹಿಡಿದುಕೊಟ್ಟಿದ್ದ. ಆಕೆಗೆ ಆಗ ಹದಿನೆಂಟು. ಮುನಿಸಿಕೊಂಡು ಬಾಗಿಲು ಹಾಕಿಕೊಂಡರು. ಅವನು ಹೋದ. “ಮೇಕೆಗೋಸ್ಕರ ಗಂಡನ ಮಕ ನೋಡ್ಲಿಲ್ಲ ನಾನು. ಅದ್ಕೇ ಬರ್ಲಿಲ್ಲ ಅಂದ್ಕಂಡಿದ್ದೆ” ಎಂದರು. ಆಮೇಲೆ ನನ್ನನ್ನು ನೋಡಿ, “ಅಂಗಾರೆ ಇಷ್ಟ್ ದಿನ ನೀವು ಓದಿದ್ದು ಯಾರ ಸುದ್ದಿ ಸಾಮಿ?” ಎಂದು ಕೇಳಿದರು.

ಹೆಸರು, ಊರು ಕೂಡಿಬಂದದ್ದು ಆಕಸ್ಮಿಕ ಎಂದು ಬರೆದಿದ್ದಿರಿ. ಮೇಕೆಯೂ ಆಕಸ್ಮಿಕವೆ? ಬಾಗಿಲ ಸಂದಿಯ ಸೀರೆಯೂ? ಓದುವ ಮೊದಲೇ ನೀವು ಮೇಕೆಯ ಬಗ್ಗೆ ಯಾಕೆ ಕೇಳಿದಿರಿ?

ಪಟ್ಟಾಭಿರಾಮ


ಪೀಣ್ಯ
೯–೯–೧೯೮೦

ಮಾನ್ಯರೆ,

ನನ್ನ ಜುಲೈ ಕಾಗದಕ್ಕೆ ಆರು ವಾರವಾದರೂ ಉತ್ತರವಿಲ್ಲ. ಕಾಗದ ತಲುಪಿಲ್ಲವೆಂದುಕೊಳ್ಳಲು ಪ್ರಯತ್ನಿಸಿದೆ, ಸ್ವೀಕೃತಿ ಚೀಟಿಯ ಮೇಲೆ ನಿಮ್ಮ ಸಹಿ ಇದೆ. ರಾಮಕ್ಕ ದಿನವೂ ಕೇಳುವುದಿಲ್ಲ. ನನ್ನನ್ನು ನೋಡುತ್ತಾರೆ, ನಾನು ಇಲ್ಲವೆಂದು ತಲೆಯಾಡಿಸುತ್ತೇನೆ, ಒಳಗೆ ಹೋಗುತ್ತಾರೆ. ಬಳೆ ಬಿಚ್ಚಿಲ್ಲ. ಮೈದುನನ ಮನೆಯಿಂದ ಹೊರಬಿದ್ದು ಈಗ ಅನುಸೂಯಮ್ಮನ ಜಗುಲಿಯಲ್ಲಿದ್ದಾರೆ. ನಕ್ಕವಳೇ ಜಾಗ ಕೊಟ್ಟಳು.

ಪಟ್ಟಾಭಿರಾಮ


ಧಾರವಾಡ
೨–೧೧–೧೯೮೦

ಪಟ್ಟಾಭಿರಾಮ ಅವರಿಗೆ,

ಹನ್ನೊಂದು ಸಲ ಈ ಕಾಗದ ಶುರುಮಾಡಿ ಹರಿದೆ. ಕಾದಂಬರಿ ಬರೆಯುವುದು ಇದಕ್ಕಿಂತ ಸುಲಭ.

ನನ್ನ ಯಜಮಾನರು ರಾಮಪ್ರಸಾದ ಯುದ್ಧದ ಕಾಲದಲ್ಲಿ ಅಸ್ಸಾಮಿನ ಒಂದು ಸೈನಿಕ ಆಸ್ಪತ್ರೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಕನ್ನಡ ಬರೆಯಬಲ್ಲವರು ಅವರೊಬ್ಬರೇ. ಗಾಯಗೊಂಡ ನಮ್ಮ ಕಡೆಯ ಸಿಪಾಯಿಗಳು ಹೇಳಿದ್ದನ್ನು ಮೊದಲು ನೋಟುಬುಕ್ಕಿನಲ್ಲಿ ಗೀಚಿಕೊಂಡು, ಮರುದಿನ ಶುದ್ಧಪ್ರತಿ ಮಾಡಿ ಅಂಚೆಗೆ ಹಾಕುತ್ತಿದ್ದರು. ೧೯೪೪ರ ಏಪ್ರಿಲ್ ೧೭ರಂದು ಪೀಣ್ಯದ ಚಿಕ್ಕಬೈರಪ್ಪ ಒಂದು ಕಾಗದ ಹೇಳಿ ಬರೆಸಿದ. ಮರುದಿನ ಬೆಳಿಗ್ಗೆ ಇವರು ಹೋದಾಗ ಹಾಸಿಗೆ ಖಾಲಿ. ರಾತ್ರಿಯೇ ತೀರಿಕೊಂಡ ಎಂದರು ಕೆಲವರು. ಇಲ್ಲ, ಆಸ್ಪತ್ರೆ ರೈಲಿನಲ್ಲಿ ಪಶ್ಚಿಮಕ್ಕೆ ಕಳಿಸಿದರು ಎಂದರು ಕೆಲವರು. ಆ ವಾರ ಗಾಯಾಳುಗಳು ಬಂದ ರಭಸದಲ್ಲಿ ಯಾವ ದಾಖಲೆಯೂ ಸರಿಯಿರಲಿಲ್ಲವಂತೆ. ಸತ್ತಿದ್ದರೆ ಸತ್ತನೆಂದು ಒಂದು ಸಾಲು ಸೇರಿಸಬೇಕು, ಬದುಕಿದ್ದರೆ ಸೇರಿಸಬಾರದು. ಯಾವುದೆಂದು ತಿಳಿಯದೆ ಇವರು ಕಾಗದವನ್ನು ಕಳಿಸಲೇ ಇಲ್ಲ. ನೋಟುಬುಕ್ಕಿನ ಅಂಚಿನಲ್ಲಿ ಇದನ್ನೆಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ನನಗೆ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ೬೬ರಲ್ಲಿ ಅವರು ತೀರಿಕೊಂಡರು. ಎರಡು ವರ್ಷದ ಮೇಲೆ ನೋಟುಬುಕ್ಕು ನನ್ನ ಕೈಗೆ ಬಂತು.

ಆಗ ನಾನೊಂದು ಕಾರ್ಡು ಹಾಕಬಹುದಿತ್ತು. ಊರು, ಹೆಸರು ಎರಡೂ ಇದ್ದವು. ಇಪ್ಪತ್ತನಾಲ್ಕು ವರ್ಷವಾಗಿದೆ, ಆಕೆ ಇರಲಾರಳು, ಇದ್ದರೂ ಬೇರೆ ಮನೆ ಸೇರಿರಬಹುದು ಎಂದುಕೊಂಡೆ. ಅದಕ್ಕಿಂತ ನಿಜವಾದದ್ದು ಬೇರೆ. ಆ ಕಾಗದ ಓದಿದ ಕೂಡಲೇ ಅದು ನನಗೆ ಬೇಕೆನ್ನಿಸಿತು. ಅದರ ಒಂದು ಅಕ್ಷರವನ್ನೂ ನಾನು ಬದಲಿಸಿಲ್ಲ, ಏಕೆಂದರೆ ಅದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುತ್ತಿರಲಿಲ್ಲ. ಪುಸ್ತಕವನ್ನು ಮೆಚ್ಚಿದವರೆಲ್ಲ ಆ ಪುಟವನ್ನೇ ಮೆಚ್ಚಿದರು. ಆಮೇಲೆ ಆಕೆ ಬದುಕಿರಬಹುದೆಂಬ ಭಯ ಶುರುವಾಯಿತು.

‘ಐರಾವತಿಯ ಆಚೆ ದಡ’ದಲ್ಲಿ ಅವನನ್ನು ಸಾಯಿಸಿದೆ. ಮನಸ್ಸು ಒಪ್ಪಲಿಲ್ಲ. ಮೂರು ವರ್ಷದ ಮೇಲೆ ಅದೇ ಖಾಲಿ ಹಾಸಿಗೆಯಿಂದ ಎದ್ದು ರೈಲು ಹತ್ತಿದವನ ಕಥೆ ಬರೆದೆ, ಅವನಿಗೆ ಹೆಸರಿಡದೆ. ಎರಡರಲ್ಲಿ ಯಾವುದು ನಡೆಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಸಂಬಂಧವಿಲ್ಲವೆಂದು ನಿಮಗೆ ಸುಳ್ಳು ಬರೆದೆ.

ಜನವರಿಯಲ್ಲಿ ‘ಐರಾವತಿಯ ಆಚೆ ದಡ’ ಮರುಮುದ್ರಣವಾಗುತ್ತದೆ. ಅದರಲ್ಲಿ ನಾಯಕನ ಹೆಸರು, ಊರು ಬದಲಿಸಿ, ಮೇಕೆಯ ಮಾತನ್ನು ತೆಗೆದುಬಿಡುತ್ತೇನೆ. ಆಗ ಯಾರಿಗೂ ತೊಂದರೆಯಿಲ್ಲ. ನೋಟುಬುಕ್ಕಿನ ಆ ಹಾಳೆಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಕೊಡುತ್ತೇನೆ. ಆದರೆ ಇದು ನಮ್ಮ ನಡುವೆಯೇ ಇರಲಿ. ನನ್ನ ಹೆಸರು ಕೆಟ್ಟರೆ ಕೆಡಲಿ. ಕಾಗದ ತಲುಪಿಸದವರು ಎಂದು ಸತ್ತವರ ಹೆಸರನ್ನು ಪತ್ರಿಕೆಗಳಲ್ಲಿ ಎಳೆಯಬೇಡಿರಿ. ಮಾತು ಕೊಟ್ಟು ಒಂದು ಕಾರ್ಡು ಬರೆಯಿರಿ, ಹಾಳೆ ಕಳಿಸುತ್ತೇನೆ.

ವತ್ಸಲಾ


ಪೀಣ್ಯ
೧೬–೧೧–೧೯೮೦

ಶ್ರೀಮತಿ ವತ್ಸಲಾ ಅವರಿಗೆ,

ನಿಮ್ಮ ಕಾಗದ ಬಂದ ದಿನ ಅದನ್ನು ರಾಮಕ್ಕನಿಗೆ ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಹಾಸಿಗೆ ಖಾಲಿಯಿದ್ದದ್ದನ್ನು ಎರಡು ಸಲ ಓದಿಸಿಕೊಂಡರು. “ಅಂಗಾರೆ ಸತ್ತ್ನೋ ಇದ್ದಾನೋ ಬರ್ದೋರ್‌ಗೂ ಗೊತ್ತಿಲ್ಲ?” ಎಂದರು. ಗೊತ್ತಿಲ್ಲ ಎಂದೆ. “ನಿಮ್ಗೂ?” ನನಗೂ ಇಲ್ಲ ಎಂದೆ.

ನಿಮ್ಮ ಮೇಲೆ ನನಗಿದ್ದ ಸಿಟ್ಟು ಈಗ ಎಲ್ಲಿಗೆ ಹೋಗಿ ಸೇರಬೇಕೆಂದು ತಿಳಿಯದೆ ಅಲೆಯುತ್ತಿದೆ. ನಿಮ್ಮ ಯಜಮಾನರನ್ನು ನಾನು ದೂರಲಾರೆ. ಅವರ ಜಾಗದಲ್ಲಿ ನಾನಿದ್ದರೂ ಪೆನ್ಸಿಲ್ ಹಿಡಿದು ಕೂತಿರುತ್ತಿದ್ದೆನೋ ಏನೋ. ನಿಮ್ಮನ್ನೂ ಪೂರ್ತಿ ದೂರಲಾಗುತ್ತಿಲ್ಲ. ನೀವು ಅದನ್ನು ಅಚ್ಚುಹಾಕದಿದ್ದರೆ ಆ ಮಾತುಗಳು ಆಕೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆದರೆ ಅಚ್ಚುಹಾಕಿದ್ದು ಆಕೆಗಾಗಿ ಅಲ್ಲ. ಒಂಬತ್ತು ವರ್ಷ ಅಪರಿಚಿತರು ಓದಿ ಕಣ್ಣೊರೆಸಿಕೊಂಡದ್ದು ಆಕೆಗೆ ಬರಬೇಕಿದ್ದ ಕಾಗದವನ್ನು. ಪ್ರೇಮ, ಯುದ್ಧ, ವಿಯೋಗ ಎಂದು ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗಿದೆ. ವಿಯೋಗ ಯಾರದು?

ನಾನು ಮಾಡಬೇಕಾದದ್ದನ್ನು ಮಾಡಿದ್ದೇನೆ. ಮೊನ್ನೆ ಶುಕ್ರವಾರ ಸೈಕಲ್ ಸ್ಟ್ಯಾಂಡಿನಲ್ಲಿ, ಮರಿಯಮ್ಮನದು ತಪ್ಪಲ್ಲ, ನೋಡದೆ ಓದಿದ್ದು ನನ್ನ ತಪ್ಪು, ಅವನು ಬದುಕಿದ್ದಾನೆಂದು ಭರವಸೆ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಎಲ್ಲರೆದುರು ಹೇಳಿದೆ. “ಇನ್‌ಸ್ಪೆಕ್ಟರ್‌ನೇ ರಿಜೆಕ್ಟ್ ಮಾಡಿ ಗುರು!” ಎಂದು ಯಾರೋ ಹಿಂದಿನಿಂದ ಕೂಗಿದರು. ರಾಮಕ್ಕನನ್ನು ಕೇಳಿ, ಅವರು ಹ್ಞೂಂ ಅಂದ ಮೇಲೆ, ಆ ಕಾಗದವನ್ನು ಕಥೆಯಾಗಿ ಅಲ್ಲ, ಕಾಗದವಾಗಿ ಓದಿದೆ. ಚಿಕ್ಕಮುನಿಯಪ್ಪನೂ ಬಂದು ಗೇಟಿನ ಆಚೆ ನಿಂತು ಕೇಳಿದ. ಮುಗಿದ ಮೇಲೆ ಅವನು ಅತ್ತಿಗೆಯ ಹತ್ತಿರ ಹೋಗಿ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಆಕೆ ಅವನ ಜೊತೆ ಹೋಗಲೂ ಇಲ್ಲ, ಬೈಯಲೂ ಇಲ್ಲ.

ನಿಮ್ಮ ಷರತ್ತಿಗೆ ನಾನು ಒಪ್ಪಲಾರೆ. ಒಪ್ಪುವ ಅಧಿಕಾರ ನನ್ನದಲ್ಲ. ರಾಮಕ್ಕನ ಉತ್ತರ ಇದು, ಆಕೆ ಹೇಳಿದಂತೆಯೇ ಬರೆಯುತ್ತಿದ್ದೇನೆ: “ಕಾಗ್ದ ನಂದು. ನನ್ ಕಾಗ್ದ ನಂಗೆ ಕೊಡಾಕೆ ಸರತ್ತು ಯಾಕವ್ವ? ಎಸ್ರು ತೆಗೀಬ್ಯಾಡ. ನಮ್ಮಟ್ಟೀಲಿ ಅವನ್ದು ಅಂತ ಒಂದು ಚೂರು ಏನೂ ಇಲ್ಲ. ಅವ್ನು ಇರಾದೇ ಅದ್ರಾಗೆ. ಮೇಕೆ ಮಾತೂ ಇರ್ಲಿ.”

ಒಂದು ಪುಸ್ತಕದಲ್ಲಿ ಸಾಯಿಸಿ, ಇನ್ನೊಂದರಲ್ಲಿ ಹೆಸರಿಲ್ಲದೆ ರೈಲು ಹತ್ತಿಸಿ, ಈಗ ತಪ್ಪನ್ನು ಮುಚ್ಚಲು ಅವನ ಹೆಸರನ್ನೂ ಅಳಿಸಿದರೆ, ನೀವು ಅವನನ್ನು ಮೂರನೇ ಸಲ ಕಳೆದಂತೆ. ಆದ್ದರಿಂದ ಹಾಳೆಯನ್ನು ಈ ತಿಂಗಳಲ್ಲೇ, ಯಾವ ಮಾತೂ ಪಡೆಯದೆ, ರಾಮಕ್ಕನ ಹೆಸರಿಗೆ ಕಳಿಸಿರಿ. ವಿಳಾಸ: ನಮ್ಮ ಕಾರ್ಖಾನೆಯ ಕ್ಯಾಂಟೀನ್.

ಅದು ಖಾಸಗಿ ವಿಷಯ. ಉಳಿದದ್ದು ಖಾಸಗಿಯಲ್ಲ. ೧೯೭೧ರಿಂದ ಆ ಪುಟ ಸಾರ್ವಜನಿಕರ ಎದುರು ನಿಮ್ಮ ಹೆಸರಿನಲ್ಲಿದೆ, ಉತ್ತರವೂ ಅವರ ಎದುರಿಗೇ ಬರಬೇಕು. ಈ ಕಾಗದದ ನಕಲನ್ನು ಎರಡು ದಿನಪತ್ರಿಕೆಗಳಿಗೂ ನಿಮ್ಮ ಪ್ರಕಾಶಕರಿಗೂ ಇವತ್ತೇ ಕಳಿಸುತ್ತಿದ್ದೇನೆ. ಜನವರಿಯ ಮುದ್ರಣದ ಮೊದಲ ಪುಟದಲ್ಲಿ, ಎಲ್ಲರೂ ಓದುವ ಅಕ್ಷರದಲ್ಲಿ, ನೀವೇ ಹೇಳಬೇಕು: ೧೯೭ನೇ ಪುಟದ ಕಾಗದ ಯಾರದು, ಯಾರಿಗೆ ಬರೆಸಿದ್ದು, ಯಾವ ತಾರೀಕು, ಅದು ಯಾಕೆ ತಲುಪಲಿಲ್ಲ, ತಲುಪಿಸಬಹುದಾಗಿದ್ದವರು ೧೯೬೮ರಿಂದ ಏನು ಮಾಡುತ್ತಿದ್ದರು. ೨೦೧ರ ಸಾವು ನೀವು ಕಟ್ಟಿದ್ದು ಎಂಬುದನ್ನೂ, ೧೯೪೪ರ ಏಪ್ರಿಲ್ ೧೮ರ ಬೆಳಿಗ್ಗೆ ಆ ಹಾಸಿಗೆಯಲ್ಲಿದ್ದವನು ಎಲ್ಲಿಗೆ ಹೋದನೆಂದು ನಿಮಗೆ ತಿಳಿಯದು ಎಂಬುದನ್ನೂ ಬರೆಯಬೇಕು. ಅವನನ್ನು ಬಲ್ಲವರು, ಆ ವಾರ ಆ ರೈಲಿನಲ್ಲಿದ್ದವರು ಯಾರಾದರೂ ಇದ್ದರೆ ಓದಿ ಮುಂದೆ ಬರಲಿ.

ಹೇಳುತ್ತೀರೋ ಇಲ್ಲವೋ?

ಪಟ್ಟಾಭಿರಾಮ